ಸಿತೋಲೆಯವರ ಪ್ರಶ್ನೆ

ಈ ಪ್ರಶ್ನೆಯನ್ನು ಕನ್ನಡಕ್ಕೆ ತಂದು ಹೇಳುವುದೋ, ಬಿಡುವುದೋ? ಹೇಳಿದರೆ ಎದುರು ಕೂತ ನಾಮದೇವ ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಡುತ್ತಾನೆ. ಬಿಟ್ಟರೆ ಈ ಕೋಣೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಜಮಖಂಡಿಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಚನಮಲ್ಲಪ್ಪ ನೀರಿನ ಲೋಟ ಎತ್ತಿ, ಕುಡಿಯದೆ ಕೆಳಗಿಟ್ಟರು.

ಪ್ರಶ್ನೆ ಕೇಳಿದವರು ಎಲಿಜಾ ಸಿತೋಲೆ. ದಕ್ಷಿಣ ಆಫ್ರಿಕದ ಕಪ್ಪು ಜನಾಂಗದವರು, ದೇಶ ಬಿಟ್ಟು ಹನ್ನೊಂದು ವರ್ಷವಾಗಿತ್ತು. 1974ರ ಆ ಮಧ್ಯಾಹ್ನ ಕಾಲೇಜಿನ ಹುಡುಗರೆದುರು ತಮ್ಮ ಕತೆ ಹೇಳಿದ್ದರು. ಚನಮಲ್ಲಪ್ಪ ಅದನ್ನು ಒಂದು ಮಾತೂ ಬಿಡದೆ ಕನ್ನಡಕ್ಕೆ ತಂದಿದ್ದರು. ಚಿನ್ನದ ಗಣಿಯಲ್ಲಿ ಸತ್ತ ಅಪ್ಪ, ಓಣಿಯಲ್ಲಿ ಊದುತ್ತಿದ್ದ ತಗಡಿನ ಕೊಳಲು, ಇಗರ್ಜಿಯ ಬ್ಯಾಂಡಿನವರು ಕೊಟ್ಟ ಹಳೇ ಸ್ಯಾಕ್ಸೊಫೋನು. ಆಮೇಲೆ ಬಿಳಿಯರ ಹೋಟೆಲುಗಳಲ್ಲಿ ಜಾಜ್. ಅಲ್ಲಿ ಕುಣಿಯುವವರು ಇವರಿಗೆ ಚಪ್ಪಾಳೆ ತಟ್ಟುವರು. ಇವರು ಮಾತ್ರ ಅಡುಗೆಮನೆಯ ಬಾಗಿಲಿನಿಂದ ಒಳಗೆ ಬರಬೇಕು, ಹಿತ್ತಲ ಮೆಟ್ಟಿಲ ಮೇಲೆ ಉಣ್ಣಬೇಕು. ಲಂಡನ್ನಿಗೆ ಹೋಗಿ ಎರಡು ರೆಕಾರ್ಡು ಮಾಡಿದ ಮೇಲೆ ಹೆಸರು ಬಂತು. ತಾಯಿ ಸತ್ತಾಗ ಮಣ್ಣಿಗೆ ಹೋಗಲು ಸರಕಾರ ಬಿಡಲಿಲ್ಲ.

ಸಭೆ ಮುಗಿದ ಮೇಲೆ ಅವರ ಭೇಟಿಗೆಂದು ಮುಧೋಳದ ಬ್ಯಾಂಡ್ ಕಂಪನಿಯ ನಾಮದೇವನನ್ನು ಕರೆಸಿದ್ದರು. ಸುತ್ತ ನಾಲ್ಕು ಊರಲ್ಲಿ ಸ್ಯಾಕ್ಸೊಫೋನು ಊದುವವನು ಅವನೊಬ್ಬನೇ. ಅವನ ವಾದ್ಯದ ಕತ್ತಿಗೆ, ಬಾಯಿತುಂಡು ಕೂರಿಸುವ ಬೂಚಿನ ಜಾಗದಲ್ಲಿ, ಸುತ್ತಿದ್ದ ನೂಲನ್ನು ಸಿತೋಲೆ ಬೆರಳಾಡಿಸಿ ನೋಡಿದರು.

“ಬೂಚು ಉದುರಿ ಹೋಗಿತ್ರಿ. ಬನಹಟ್ಟಿ ನೂಲು ಸುತ್ತೇನಿ,” ಎಂದ ನಾಮದೇವ. “ಇನ್ನ ನನ್ನ ಎದಿ ಗಾಳಿ ಹೋಗೂತನಾ ಚಿಂತಿಲ್ಲ.”

ಸಿತೋಲೆ ನಕ್ಕು, ಮದುವೆಗಳಲ್ಲಿ ಹೇಗೆ ಊದುತ್ತೀರಿ ಎಂದರು.

“ವರಾ ಕುದರಿ ಮ್ಯಾಲಿಂದ ಬಿದ್ರೂ ಪದಾ ನಿಲ್ಲಸೂದಿಲ್ಲ ಅಂತ ಹೇಳ್ರಿ. ನಿಮ್ಮ ಮದುವ್ಯಾಗ ಕುದರಿ ಬೆದರಿತ್ತಲ್ರಿ ಸರ. ನೀವು ಅದರ ಕುತಗಿ ತಬ್ಬಿಕೊಂಡು ಕುಂತಿದ್ರಿ. ನಾ ಊದ್ಕೋತನಽ ನಕ್ಕಿದ್ದೆ.”

ಚನಮಲ್ಲಪ್ಪ ಅದನ್ನೂ ನಗುತ್ತಲೇ ಹೇಳಿದರು. ಆಗ ಸಿತೋಲೆ ಕೇಳಿದ್ದು ಇದು: ಇವರ ಮದುವೆಯಲ್ಲಿ ನೀವು ಎಲ್ಲಿ ಕೂತು ಉಂಡಿರಿ?

ಆ ಮದುವೆಯ ದಿನ ಹಂದರದಲ್ಲಿ ಕಡೆಯ ಪಂಕ್ತಿ ಎದ್ದ ಮೇಲೆ ಬ್ಯಾಂಡಿನವರು ಬಣವೆಯ ಹಿಂದೆ ಕೂತಿದ್ದರು. ಮನೆಯಾಳು ಅವರಿಗೆ ದೂರ ನಿಂತು ಮೇಲಿನಿಂದ ಸಾರು ಸುರುವುತ್ತಿದ್ದ. ಬಾಸಿಂಗ ಕಟ್ಟಿಕೊಂಡಿದ್ದ ಚನಮಲ್ಲಪ್ಪ ಅದನ್ನು ಕಂಡಿದ್ದರು. ಆಗಲೇ ಎಂ.ಎ. ಆಗಿತ್ತು. ಕಂಡು, ಒಳಗೆ ಹೋಗಿದ್ದರು.

“ಊದಾಕ ಹತ್ತಿ ಎಷ್ಟು ವರ್ಷಾತು ಅಂತ ಕೇಳಾಕತ್ತಾರ,” ಎಂದರು ನಾಮದೇವನಿಗೆ.

“ಇಪ್ಪತ್ತೆರಡ ಆತ್ರಿ.”

ಎಲ್ಲರ ಜೊತೆ, ಪಂಕ್ತಿಯಲ್ಲೇ ಉಂಡೆ ಎನ್ನುತ್ತಾನೆ ಎಂದು ಸಿತೋಲೆಯವರಿಗೆ ಇಂಗ್ಲಿಷಿನಲ್ಲಿ ಹೇಳಿದರು.

ಸಿತೋಲೆ ಎದ್ದು ಬಂದು ನಾಮದೇವನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ನನ್ನ ನೆಲದಲ್ಲೂ ಹಾಗೆ ಒಂದು ದಿನ ಉಂಡು ಸಾಯಬೇಕು ಎಂದರು. ಆ ಮಾತನ್ನು ಚನಮಲ್ಲಪ್ಪ ತರ್ಜುಮೆ ಮಾಡಲಿಲ್ಲ.

ಹದಿನಾರು ವರ್ಷದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ನಾಮದೇವ ಸಿಕ್ಕ. ಮುಂದಿನ ಹಲ್ಲು ಹೋಗಿ ಊದುವುದು ನಿಂತಿತ್ತು.

“ಸರ, ಆ ಸಾಹೇಬ್ರು ಅವತ್ತ ಅಷ್ಟೊತ್ತು ನನ್ನ ಕೈ ಯಾಕ ಹಿಡ್ಕೊಂಡಿದ್ರು? ನಾ ಇನ್ನೂ ಊದಿ ಸೈತ ತೋರಿಸಿರಲಿಲ್ಲ.”

“ಇಪ್ಪತ್ತೆರಡು ವರ್ಷ ಊದೀದಿ ಅಂತ.”

“ಖರೆ ಏನ್ರಿ?”

“ಖರೆ.”

ಮುಧೋಳದ ಬಸ್ಸು ಬಂತು. ಅದು ಹೊರಡುವ ತನಕ ಚನಮಲ್ಲಪ್ಪ ನಾಮದೇವ ಕೂತ ಕಿಟಕಿಯ ಕೆಳಗೆ ನಿಂತಿದ್ದರು. ಸಿತೋಲೆ ಏನು ಕೇಳಿದ್ದರು, ಅದಕ್ಕೆ ಅವನ ಹೆಸರಿನಲ್ಲಿ ತಾವು ಏನು ಉತ್ತರ ಕೊಟ್ಟಿದ್ದರು ಎಂಬುದನ್ನು ಅವನಿಗೆ ಹೇಳಲೇ ಇಲ್ಲ.