ಕಾಲು ಸುತ್ತು

"ಆ ಸ್ಕ್ರೂಡ್ರೈವರ್ ಕೊಡು ಇಲ್ಲಿ" ಎನ್ನುತ್ತಾ ಭೀಮಕ್ಕ ಗಂಡನ ಹೆಣದ ಪಕ್ಕದಿಂದ ಎದ್ದೇಬಿಟ್ಟಳು.

ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ಬಾಯಿಗೆ ಸೆರಗು ಹಿಡಿದರು. ಹೊನ್ನಾಳಿ ಬಸ್‌ಸ್ಟ್ಯಾಂಡಿನ ಹಿಂದೆ ಸೈಕಲ್ ಶಾಪು ಇಟ್ಟಿದ್ದ ಧರ್ಮಪ್ಪ ಹಿಂದಿನ ದಿನ ಟ್ಯೂಬಿಗೆ ಪ್ಯಾಚು ಹಾಕುತ್ತಾ ಹಾಕುತ್ತಾ ಎದೆ ಹಿಡಿದುಕೊಂಡು ಕೂತಲ್ಲೇ ಹೋಗಿದ್ದ. ಈಗ ಮನೆಯ ಮುಂದೆ ಮರದ ಕುರ್ಚಿಯಲ್ಲಿ ಹೊಸ ರುಮಾಲು ಸುತ್ತಿಸಿಕೊಂಡು, ಹೂವಿನ ಹಾರದಲ್ಲಿ ಗಲ್ಲದವರೆಗೆ ಮುಳುಗಿ ಕೂತಿದ್ದ. ಅವನೆದುರು ಚಾಪೆಯ ಮೇಲೆ ಜಗಳೂರಿನ ಯರ್ರಿಸ್ವಾಮಿ, ತೊಡೆಯ ಮೇಲೊಂದು ಕೆಂಪು ಕರೆಂಟು ಗಿಟಾರು ಇಟ್ಟುಕೊಂಡು ಬೆವರುತ್ತಿದ್ದ. ಮದುವೆಗಳಲ್ಲಿ ಆರ್ಕೆಸ್ಟ್ರಾ ನುಡಿಸುವ ಕೈ ಅದು, ಆದರೆ ಇವತ್ತು ಸೋತಿತ್ತು.

ತೊಂದರೆ ಇಷ್ಟೆ. ಗಿಟಾರಿನ ಹೊಟ್ಟೆಯ ಮೇಲೆ ತಂತಿಗಳು ಕೂರುವ ಉಕ್ಕಿನ ತಟ್ಟೆಯೊಂದಿತ್ತು. ಯರ್ರಿಸ್ವಾಮಿ ಅದನ್ನು ಬ್ರಿಜ್ಜು ಅನ್ನುತ್ತಿದ್ದ. ಅದಕ್ಕೊಂದು ಹಿಡಿ. ಹಿಡಿ ಒತ್ತಿದರೆ ತಟ್ಟೆ ಬಾಗಿ ಸ್ವರ ನಡುಗುತ್ತಾ ಕೆಳಗಿಳಿಯಬೇಕು, ಬಿಟ್ಟರೆ ತನ್ನ ಜಾಗಕ್ಕೆ ಬಂದು ನಿಲ್ಲಬೇಕು. ಈ ಗಿಟಾರಿನಲ್ಲಿ ಸ್ವರ ಇಳಿಯುತ್ತಿತ್ತು, ವಾಪಸು ಮಾತ್ರ ಬರುತ್ತಿರಲಿಲ್ಲ. ಅರ್ಧ ದಾರಿಯಲ್ಲಿ ನಿಂತು ಅಪಸ್ವರವಾಗುತ್ತಿತ್ತು.

"ಅಕ್ಕಾ, ಹಿಡಿ ಮುಟ್ಟದಂಗೆ ನುಡಿಸಿಬಿಡ್ತೀನಿ. ಯಾರಿಗೆ ಗೊತ್ತಾಗ್ತೈತೆ?" ಎಂದ ಯರ್ರಿಸ್ವಾಮಿ.

"ಅವರಿಗೆ ಗೊತ್ತಾಗ್ತೈತೆ" ಎಂದು ಭೀಮಕ್ಕ ಕುರ್ಚಿಯ ಕಡೆ ಗಲ್ಲ ಎತ್ತಿದಳು.

ಧರ್ಮಪ್ಪನ ಅಣ್ಣ ತಿಪ್ಪೇಶಪ್ಪನಿಗೆ ರೇಗಿತು. "ಹೊತ್ತು ಮುಳುಗೋದ್ರೊಳಗೆ ಮಣ್ಣು ಮಾಡಬೇಕು. ತಮಟೆಯವ್ರು ಬಂದು ಕುಂತಾರೆ. ಒಂದು ಗಿಟಾರಿನ ಸಲುವಾಗಿ ಹೆಣ ಕಾಯಾಕೆ ಆಗ್ತೈತೇನು?"

"ನೀವು ಅವರನ್ನ ಕುರ್ಚಿಗೆ ಕಟ್ಟೋದ್ರೊಳಗೆ ಆಗದಿದ್ರೆ ಸುಮ್ನೆ ಕೂರ್ತೀನಿ ಭಾವ. ಅಲ್ಲೀಗಂಟ ಬಿಡ್ರಿ."

ನಿನ್ನೆಯಿಂದ ಒಂದು ಹನಿ ಕಣ್ಣೀರು ಹಾಕದ ಹೆಂಗಸು ಹೀಗೆ ಹಟ ಹಿಡಿದಾಗ ಯಾರೇನು ಮಾಡಿಯಾರು? ತಿಪ್ಪೇಶಪ್ಪ ಗೊಣಗುತ್ತಲೇ ಹಗ್ಗ ತರಿಸಲು ಹೋದ.

*

ಆ ಗಿಟಾರು ಮನೆಗೆ ಬಂದು ಐದು ವರ್ಷವಾಗಿತ್ತು. ಎಪ್ಪತ್ತೊಂಬತ್ತರಲ್ಲಿ ಸಾಸ್ವೆಹಳ್ಳಿಯ ಮದುವೆಯೊಂದರಲ್ಲಿ ಯರ್ರಿಸ್ವಾಮಿ ನುಡಿಸಿದ್ದನ್ನು ಕೇಳಿ ಧರ್ಮಪ್ಪ ಊಟದ ಪಂಕ್ತಿಯಿಂದಲೇ ಎದ್ದು ಅವನ ಬಳಿಗೆ ಹೋಗಿದ್ದ. ಸ್ವರ ಹಾಗೆ ನಡುಗಿ ಮತ್ತೆ ನೆಟ್ಟಗಾಗುವುದನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಮುಂದಿನ ವರ್ಷ ಅದರ ಬ್ರಿಜ್ಜು ಮುರಿಯಿತು. ಯರ್ರಿಸ್ವಾಮಿ ಬೇರೆ ಗಿಟಾರು ಕೊಂಡು ಕೆಂಪನೆಯದನ್ನು ಧರ್ಮಪ್ಪನಿಗೇ ಬಿಟ್ಟುಹೋದ.

ಧರ್ಮಪ್ಪ ಉಕ್ಕಿನ ಪಟ್ಟಿ ಅರದಿಂದ ತಿಕ್ಕಿ ಹೊಸ ತಟ್ಟೆ ಮಾಡಿದ. ಬ್ರೇಕಿನ ಸರಳು ಬಗ್ಗಿಸಿ ಹಿಡಿ ಮಾಡಿದ. ತಟ್ಟೆಯನ್ನು ಹಿಂದಕ್ಕೆಳೆಯಲು ಗಿಟಾರಿನ ಬೆನ್ನಿನ ಗೂಡಿನಲ್ಲಿ ಸೈಕಲ್ ಸ್ಟ್ಯಾಂಡಿನ ಸ್ಪ್ರಿಂಗು ಕೂರಿಸಿದ. ಆಮೇಲೆ, ಅವನ ಜಾಯಮಾನದಂತೆ, ಎಲ್ಲವನ್ನೂ ಗಟ್ಟಿಯಾಗಿ ಬಿಗಿದ.

ಬಿಗಿಯುವುದು ಅವನ ಕೈಗೆ ಅಂಟಿಕೊಂಡ ಭಯ. ಚಿಕ್ಕಂದಿನಲ್ಲಿ ತಮ್ಮ ಗಾದ್ರಪ್ಪ ಹೊಳೆಯ ಸೇತುವೆಯ ಇಳಿಜಾರಿನಲ್ಲಿ ಸೈಕಲ್ಲಿನ ಹ್ಯಾಂಡಲ್ ಸಡಿಲಾಗಿ ಬಿದ್ದವನು ಮತ್ತೆ ಏಳಲಿಲ್ಲ. ಮುಂದೆ ಧರ್ಮಪ್ಪ ಇಟ್ಟ ಅಂಗಡಿಯಿಂದ ಸಡಿಲ ನಟ್ಟಿನ ಸೈಕಲ್ ಒಂದೂ ಹೊರಗೆ ಹೋಗಲಿಲ್ಲ. ಆದರೆ ಹ್ಯಾಂಡಲ್ ಅತಿಯಾಗಿ ಬಿಗಿದರೆ ಅದು ತಿರುಗಿಸಿದ ಕಡೆಗೇ ಕಚ್ಚಿಕೊಂಡು ನಿಲ್ಲುತ್ತದೆ, ಸೈಕಲ್ ನೆಟ್ಟಗೆ ಹೋಗುವುದಿಲ್ಲ. ಅವನು ಉಣ್ಣಲು ಒಳಗೆ ಹೋದಾಗ ಭೀಮಕ್ಕ ಪಾನಾ ತೆಗೆದುಕೊಂಡು ಪ್ರತಿ ಹ್ಯಾಂಡಲಿನ ನಟ್ಟನ್ನೂ ಕಾಲು ಸುತ್ತು ಸಡಿಲಿಸುತ್ತಿದ್ದಳು. ಗಂಡನಿಗೆ ಇದರ ಸುಳಿವೇ ಇಲ್ಲ ಎಂದು ಒಳಗೊಳಗೇ ನಗುತ್ತಿದ್ದಳು.

ಗಿಟಾರಿಗೂ ಒಮ್ಮೆ ಕೈ ಹಾಕಿದಳು. ಧರ್ಮಪ್ಪ ಕಸಿದುಕೊಂಡ. "ಸೈಕಲ್ಲು ಇಬ್ಬರದೂ ಕಣೆ. ಇದೊಂದು ನಂದು. ನಾನು ಹೋಗೋ ದಿನ ಯರ್ರಿಸ್ವಾಮಿ ಇದನ್ನೇ ನುಡಿಸ್ಬೇಕು, ಆ ನಡುಕ ಬರಿಸಿ ನುಡಿಸ್ಬೇಕು. ಅಷ್ಟ್ರೊಳಗೆ ಸರಿ ಮಾಡಿರ್ತೀನಿ."

ಅವಳಿಗೆ ಸಿಟ್ಟು ಬಂತು. ಆಮೇಲೆ ಅದನ್ನು ಒರೆಸಲೂ ಮುಟ್ಟಲಿಲ್ಲ.

*

ಈಗ ಮುಟ್ಟಿದಳು. ಬೆರಳು ಇಟ್ಟ ಕೂಡಲೇ ಅವಳಿಗೆ ತಿಳಿಯಿತು. ತಟ್ಟೆಯ ಅಂಚಿನ ಆರೂ ಸ್ಕ್ರೂಗಳು ಮರದೊಳಗೆ ಕಚ್ಚಿಕೊಂಡು ಕೂತಿದ್ದವು. ಒತ್ತಿದಾಗ ಬಾಗಿದ ತಟ್ಟೆ ತಿರುಗಿ ಬರುವುದಕ್ಕೆ ಸಡಿಲವೇ ಇರಲಿಲ್ಲ.

"ನೋಡ್ರಿ, ಹ್ಯಾಂಡಲ್ ಬಿಗಿದಂಗೇ ಬಿಗಿದಾರೆ" ಎಂದಳು. ಒಂದೊಂದೇ ಸ್ಕ್ರೂ ಸಡಿಲಿಸಿ ಬುಡಕ್ಕೆ ಸೈಕಲ್ ಎಣ್ಣೆಯ ಹನಿ ಬಿಟ್ಟಳು. ತಕ್ಷಣ ತಂತಿಗಳ ಎಳೆತಕ್ಕೆ ತಟ್ಟೆ ಮುಂದಕ್ಕೆ ಎದ್ದು ನಿಂತಿತು.

"ಕೆಟ್ಟಿತಲ್ಲಪ್ಪ" ಎಂದಳು ಹಿಂದಿದ್ದ ನಾದಿನಿ ಉಡಚಮ್ಮ.

"ಕೆಟ್ಟಿಲ್ಲ. ಮುಂದಿಂದ ತಂತಿ ಎಳೀತಾವೆ, ಹಿಂದಿಂದ ಸ್ಪ್ರಿಂಗು ಎಳೀಬೇಕು. ಚಕ್ರದ ಕಡ್ಡಿ ಎರಡೂ ಕಡೆ ಸಮ ಎಳೆದ್ರೆ ತಾನೇ ರಿಮ್ಮು ನೆಟ್ಟಗಿರೋದು?"

ಅವಳು ಗಿಟಾರು ಬೋರಲು ಹಾಕಿ ಸ್ಪ್ರಿಂಗಿನ ಸ್ಕ್ರೂ ಬಿಗಿದಳು. ಯರ್ರಿಸ್ವಾಮಿ ತಂತಿ ಶ್ರುತಿ ಮಾಡಿದ. ತಟ್ಟೆ ಮತ್ತೆ ಎದ್ದಿತು. ಮತ್ತೆ ಬಿಗಿ, ಮತ್ತೆ ಶ್ರುತಿ. ತಮಟೆಯವರೂ ತಮಟೆ ಪಕ್ಕಕ್ಕಿಟ್ಟು ಬಗ್ಗಿ ನೋಡತೊಡಗಿದರು. ಭಜನೆಯ ಬೋರಣ್ಣ ಕೇಳುವ ಮೊದಲೇ ತನ್ನ ಮೈಕ್‌ಸೆಟ್ಟಿನ ವೈರು ತಂದು ಗಿಟಾರಿಗೆ ಸಿಕ್ಕಿಸಿದ. ಕೊನೆಗೆ ತಟ್ಟೆ ಮರಕ್ಕೆ ಒರಗದೆ, ಮೇಲಕ್ಕೂ ಏಳದೆ, ನಡುವೆ ತೇಲಿ ನಿಂತಿತು.

"ಒತ್ತು" ಎಂದಳು ಭೀಮಕ್ಕ.

ಯರ್ರಿಸ್ವಾಮಿ ತಂತಿ ಮೀಟಿ ಹಿಡಿ ಒತ್ತಿದ. ಸ್ವರ ನಡುಗುತ್ತಾ ಇಳಿಯಿತು. ಹಿಡಿ ಬಿಟ್ಟ. ಸ್ವರ ಮೇಲೆದ್ದು ಬಂದು ಹೊರಟ ಜಾಗದಲ್ಲೇ ನಿಂತಿತು.

ಬೀದಿಯೆಲ್ಲ ಹೋ ಎಂದಿತು. ಸಾವಿನ ಮನೆ ಎಂಬುದು ಆ ಗಳಿಗೆ ಯಾರಿಗೂ ನೆನಪಿರಲಿಲ್ಲ. ಯರ್ರಿಸ್ವಾಮಿ ನಗುತ್ತಾ ಕಣ್ಣೊರೆಸಿಕೊಂಡ. "ಅಣ್ಣ ಹೇಳ್ತಿದ್ರು ಅಕ್ಕಾ. ನಾನು ಬಿಗೀತೀನಿ, ನಮ್ಮಾಕೆ ಹಿಂದಿಂದ ಬಂದು ಸಡಿಲ ಮಾಡ್ತಾಳೆ, ಅದಕ್ಕೇ ನಮ್ಮ ಸೈಕಲ್ಲು ನೆಟ್ಟಗೆ ಓಡ್ತಾವೆ ಅಂತ."

ಭೀಮಕ್ಕನ ಕೈಯಿಂದ ಸ್ಕ್ರೂಡ್ರೈವರ್ ಜಾರಿತು. ಇಷ್ಟು ವರ್ಷ ಗೊತ್ತಿದ್ದೂ ಒಂದು ಮಾತು ಆಡದೆ, ಅವಳು ಸಡಿಲಿಸಲಿ ಎಂದೇ ಉಣ್ಣಲು ಎದ್ದು ಹೋಗುತ್ತಿದ್ದನೇನೋ. ಅವಳು ಅಲ್ಲೇ ಕುಸಿದು ಕೂತು, ನಿನ್ನೆಯಿಂದ ಬಾರದ ಅಳುವನ್ನು ಬಾಯ್ತುಂಬ ಅತ್ತಳು.

ಅತ್ತ ತಿಪ್ಪೇಶಪ್ಪ ಧರ್ಮಪ್ಪನ ಎದೆಯ ಮೇಲಿಂದ ಕುರ್ಚಿಗೆ ಹಗ್ಗ ಸುತ್ತಿಸುತ್ತಿದ್ದ. "ಬಿಗಿಯಾಗಿ ಕಟ್ರೋ, ದಾರೀಲಿ ವಾಲಬಾರದು."

ಹುಡುಗರು ಹೆಗಲು ಕೊಡಲು ಬಗ್ಗಿದರು. ಗಿಟಾರು ಶುರುವಾಯಿತು. ಸ್ವರ ಬೀದಿಯುದ್ದಕ್ಕೂ ನಡುಗುತ್ತಾ ಹೋಗಿ ಹೋಗಿ ತಿರುಗಿ ಬರುತ್ತಿತ್ತು.

"ಒಂದು ನಿಮಿಷ ತಡೀರಿ" ಎಂದಳು ಭೀಮಕ್ಕ. ಮೂಗೊರೆಸಿಕೊಂಡು ಕುರ್ಚಿಯ ಹಿಂದಕ್ಕೆ ಹೋಗಿ ಮಂಡಿಯೂರಿದಳು. ಯಾರಾದರೂ ನೋಡುತ್ತಿದ್ದಾರೇನೋ ಎಂಬಂತೆ ಅತ್ತಿತ್ತ ಕಣ್ಣಾಡಿಸಿ, ಗಂಡನ ಎದೆ ಬಿಗಿದಿದ್ದ ಹಗ್ಗದ ಗಂಟನ್ನು ಎಣ್ಣೆಗೈಯಲ್ಲಿ ಚೂರೇ ಚೂರು ಸಡಿಲಿಸಿದಳು.