ಟೆರೇಸಿನ ಎಡೆಗೆ ಬಂದ ಹದ್ದು

ಪಕ್ಕದ ಮನೆಯ ಅಂಬವ್ವನಿಗೆ ಹೇಳಿ ಹೇಳಿ ನನಗೆ ಸಾಕುಸಾಕಾಗಿತ್ತು. ನಮ್ಮ ಬಿಲ್ಡಿಂಗ್ ಇರುವುದು ಮುಂಬಯಿಯಲ್ಲಿ, ಸಣ್ಣ ವಿಮಾನಗಳು ಇಳಿಯುವ ರನ್‌ವೇ ಪಕ್ಕದಲ್ಲಿ. ವಿಜಯಪುರದ ಈ ಮುದುಕಿ ಗಂಡ ತೀರಿಕೊಂಡಾಗಿನಿಂದ ದಿನಾ ಮಧ್ಯಾಹ್ನ ಟೆರೇಸಿನಲ್ಲಿ ಕಾಗೆಗೆ ಎಡೆ ಇಡುತ್ತಾಳೆ. ಕಾಗೆ ಮುಟ್ಟುವ ತನಕ ತಾನೂ ಉಣ್ಣುವುದಿಲ್ಲ. ಎಡೆ ಅಂದರೆ ಒಂದು ತುತ್ತಲ್ಲ. ರೊಟ್ಟಿ, ಅನ್ನ, ಗಂಡನಿಗೆ ಇಷ್ಟವೆಂದು ಮಟನ್ ಬೇರೆ!

“ಶಿವಕುಮಾರಿ, ನಿನಗೇನ್ ತ್ರಾಸ? ನಿಮ್ಮ ಕಾಕಾ ಕಾಗಿ ಆಗಿ ಬರ್ತಾನ, ಉಂಡು ಹೋಗ್ತಾನ” ಎನ್ನುತ್ತಿದ್ದಳು.

“ಕಾಕಾನ ಜೋಡಿ ಹದ್ದೂ ಬರ್ತಾವಲ್ಲ ಕಾಕೂ! ರನ್‌ವೇ ಮ್ಯಾಲೇ ಸುತ್ತು ಹೊಡಿತಾವ.”

“ಅಷ್ಟು ದೊಡ್ಡ ವಿಮಾನಕ್ಕ ಒಂದು ಹಕ್ಕಿ ಏನ್ ಮಾಡ್ತೈತಿ?”

“ಇವು ಸಣ್ಣವು ಕಾಕೂ. ಹದ್ದು ಬಡದ್ರ ಮುಂದಿನ ಗಾಜು ಒಡಿಬಹುದು, ಇಂಜಿನ್ ಕೆಡಬಹುದು. ಇಳಿಯೂ ಹೊತ್ತಿನ್ಯಾಗ ನೆಲ ಹತ್ರ ಇರ್ತೈತಿ, ಸಂಭಾಳಿಸಾಕ ಟೈಮ್ ಸಿಗಂಗಿಲ್ಲ. ನಿಮ್ಮ ವೈಶಾಲಿನೂ ಅದರಾಗ ಬರ್ತಾಳ!”

ವೈಶಾಲಿ ಅವಳ ಮಗಳು, ನರ್ಸು. ಬೇರೆ ಊರಿನ ರೋಗಿಗಳನ್ನು ಸಣ್ಣ ವಿಮಾನದಲ್ಲಿ ಮುಂಬಯಿಗೆ ಕರೆತರುವ ಕೆಲಸ.

“ಆಕೀನ ಅವರಪ್ಪ ಕಾಯ್ತಾನ ಬಿಡು” ಎಂದು ತಟ್ಟೆ ಹಿಡಿದು ಮೆಟ್ಟಿಲು ಹತ್ತಿದಳು. ಗೋಡೆಗೆ ಹೇಳಿದ್ದರೂ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಮೊನ್ನೆ ವೈಶಾಲಿ ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಅವ್ವನ ಹತ್ತಿರ ಹೋದಳು. ನಾನೂ ಅಲ್ಲೇ ಇದ್ದೆ.

“ಅವ್ವಾ, ಇಳಿಯೂ ಮುಂದ ಹದ್ದು ಬಡೀತು. ಗಾಜು ಒಡದು ಪೈಲಟ್‌ರ ಹಣಿಗೆ ಹೊಲಿಗಿ ಬಿದ್ದಾವ. ಹ್ಯಾಂಗ್ ಇಳದೇವೋ ಗೊತ್ತಿಲ್ಲ. ಪೇಷಂಟ್ ಸಣ್ಣ ಕೂಸು ಇತ್ತವ್ವಾ.”

ಅಂಬವ್ವ ಮಗಳ ಮುಖ ಮುಟ್ಟಿ ಮುಟ್ಟಿ ನೋಡಿದಳು. ಅದು ನಮ್ಮ ಟೆರೇಸಿಗೆ ಬರುವ ಹದ್ದೇ ಎಂದು ಯಾರಿಗೆ ಗೊತ್ತು? ಆದರೂ ಅಂಬವ್ವ ತಾನೇ ಎದ್ದು, ಟೆರೇಸಿಗೆ ಒಯ್ಯಬೇಕಿದ್ದ ಅವತ್ತಿನ ಎಡೆಯನ್ನು ಗಂಡನ ಫೋಟೋದ ಮುಂದೆ ಇಟ್ಟಳು.

“ಇನ್ನ ಇಲ್ಲೇ ಉಣ್ಣು” ಎಂದಳು ಫೋಟೋಕ್ಕೆ. “ಮಗಳ ದಾರಿಗೆ ಅಡ್ಡ ಬರೂವಂಥಾ ಮನಷ್ಯಾ ಅಲ್ಲ ನೀ.”

ಅಕ್ಕಂದಿರೇ, ಅಣ್ಣಂದಿರೇ, ರನ್‌ವೇ ಹತ್ತಿರ ಇರುವವರು ದಯವಿಟ್ಟು ಟೆರೇಸಿನಲ್ಲಿ ಅನ್ನ, ಮಾಂಸ ಹಾಕಬೇಡಿ. ಕಸದ ಡಬ್ಬಿ ಮುಚ್ಚಿಡಿ. ಹಿರಿಯರಿಗೆ ಎಡೆ ಮನೆಯೊಳಗೇ ಇಡಿ. ನಿಮ್ಮ ಮಗಳ ವಿಮಾನಕ್ಕೆ ಹದ್ದು ಬಡಿಯುವ ತನಕ ಕಾಯಬೇಡಿ.