ಡಾಕ್ಟರ ಸೊಂಟಕ್ಕೆ ಮುಂದಿನ ದಾರಿ

ಲಂಪಾಂಗಿನ ಡಾಕ್ಟರ್ ಥಾವೋರ್ನ್ ಇಪ್ಪತ್ತೆಂಟು ವರ್ಷದಿಂದ ಊರಿನವರ ಸವೆದ ಸೊಂಟದ ಕೀಲು ಬದಲಿಸುತ್ತಿದ್ದರು, ಅದೂ ಹಿಂದಿನಿಂದಲೇ ಕೊಯ್ದು. ಮುಂದಿನಿಂದ ಕೊಯ್ಯುವುದು ಅವರ ಪ್ರಕಾರ ಎಳೆಯ ಡಾಕ್ಟರುಗಳ ಶೋಕಿ. "ಮೂರು ತಿಂಗಳಾದ ಮೇಲೆ ಎರಡೂ ಒಂದೇ" ಎಂದು ಸಭೆಗಳಲ್ಲಿ ಭಾಷಣ ಬಿಗಿಯುತ್ತಿದ್ದರು.

ಆಮೇಲೆ ಅವರದೇ ಕೀಲು ಕೈಕೊಟ್ಟಿತು. ಮಗ ಭಿಕ್ಷುವಾಗಲು ಉಳಿದದ್ದು ಏಳೇ ವಾರ. ಅಂದು ಅಪ್ಪನಾದವನು ಗುರುಗಳೆದುರು ನೆಲದ ಮೇಲೆ, ಎರಡೂ ಕಾಲು ಒಂದೇ ಪಕ್ಕಕ್ಕೆ ಮಡಚಿ ಕೂತು, ಮಗನಿಗೆ ಕಾವಿ ಬಟ್ಟೆ ಕೊಡಬೇಕು. ಹಿಂದಿನಿಂದ ಕೊಯ್ಸಿಕೊಂಡವರು ಹಾಗೆ ಕೂತರೆ ಹೊಸ ಕೀಲು ಜಾರಿ ಹೊರಬರುತ್ತದೆಂದು ಎಷ್ಟೋ ಜನರನ್ನು ಗದರಿಸಿದ್ದವರೇ ಇವರು. ಮುಂದಿನಿಂದ ಕೊಯ್ದರೆ ಆ ಭಯ ಕಡಿಮೆ. ಮೂರು ತಿಂಗಳ ಭಾಷಣ ಏಳು ವಾರಕ್ಕೆ ಉಪಯೋಗಕ್ಕೆ ಬರಲಿಲ್ಲ. ಬಾಲ ಮುದುರಿಕೊಂಡು ಶಿಷ್ಯೆ ವಿಪಾದಾಳ ಬಳಿ ಹೋದರು.

"ಸರ್, ಹಿಂದಿನಿಂದ ಮಾಡ್ಲಾ, ಮುಂದಿನಿಂದ್ಲಾ?" ಎಂದಳು ಅವಳು, ನಗು ತಡೆದುಕೊಂಡು.

"ನಿಂಗೆ ಯಾವ್ದು ರೂಢಿನೋ ಅದು," ಎಂದರು, ಅವಳಿಗೆ ಮುಂದಿನದೇ ರೂಢಿಯೆಂದು ಚೆನ್ನಾಗಿ ಗೊತ್ತಿದ್ದೂ.

ತಮ್ಮ ಆಪರೇಷನ್ನಿನ ಮುನ್ನಾದಿನವಷ್ಟೇ ಡಾಕ್ಟರು ನೂಡಲ್ಸ್ ಅಂಗಡಿಯ ಬುವಾ ಅಕ್ಕನಿಗೆ ಹಿಂದಿನಿಂದ ಮಾಡಿದ್ದರು. ಇಬ್ಬರೂ ಆಸ್ಪತ್ರೆಯ ಒಂದೇ ವರಾಂಡದಲ್ಲಿ ವಾಕರ್ ಹಿಡಿದು ನಡೆದರು. ಎರಡನೇ ವಾರಕ್ಕೆ ಡಾಕ್ಟರು ವಾಕರ್ ಬಿಟ್ಟರು, ಅಕ್ಕ ಬಿಡಲಿಲ್ಲ.

"ನಿಮ್ಗೂ ನನ್ ಥರಾನೇ ಹಿಂದಿನಿಂದ್ಲಾ ಡಾಕ್ಟ್ರೇ?"

"ಮತ್ತಿನ್ನೇನು!" ಎಂದುಬಿಟ್ಟರು. ಈ ನಾಲಿಗೆಗೂ ಒಂದು ಆಪರೇಷನ್ ಬೇಕಿತ್ತು ಎಂದು ಮರುಕ್ಷಣವೇ ತಮ್ಮನ್ನು ತಾವೇ ಬೈದುಕೊಂಡರು. ಆದರೆ ಮಾತು ವಾಪಸು ತೆಗೆದುಕೊಳ್ಳಲಿಲ್ಲ.

ಏಳನೇ ವಾರ, ವಿಹಾರದಲ್ಲಿ, ಡಾಕ್ಟರು ಉಬ್ಬಿಕೊಂಡು ನೆಲಕ್ಕೆ ಕೂತರು. ನೆಂಟರೆಲ್ಲ ನೋಡಲಿ ಎಂದು ಕಾಲು ಮಡಚಿದ್ದೂ ತುಸು ನಿಧಾನವಾಗಿಯೇ. ಅದನ್ನು ನೆಂಟರಿಗಿಂತ ಚೆನ್ನಾಗಿ ನೋಡಿದ್ದು ಬುವಾ ಅಕ್ಕ. ಡಾಕ್ಟರಿಗೇ ಆಗುತ್ತದೆಂದ ಮೇಲೆ ತನಗೇನು ಎಂದು ಕುರ್ಚಿ ಬಿಟ್ಟಿಳಿದು, ಮೊಣಕಾಲೂರಿ, ಕಾಲನ್ನು ಪಕ್ಕಕ್ಕೆ ಎಳೆದುಕೊಳ್ಳತೊಡಗಿದಳು. ಡಾಕ್ಟರು ಕೂತಲ್ಲಿಂದಲೇ ಕೂಗಿದರು.

"ಅಕ್ಕಾ, ಕಾಲು ಮಡಚ್ಬೇಡಿ! ನಂಗೆ ಮಾಡಿದ್ದು ಮುಂದಿನಿಂದ! ನಾನು ಸುಳ್ಳು ಹೇಳ್ದೆ!"

ಮಂತ್ರ ನಿಂತಿತು. ತಲೆ ಬೋಳಿಸಿಕೊಂಡ ಮಗ, ಭಿಕ್ಷುಗಳು, ಅರ್ಧ ಊರು ಅವರನ್ನೇ ನೋಡಿತು. ವಿಪಾದಾ ಓಡಿಬಂದು ಅಕ್ಕನನ್ನು ಕುರ್ಚಿಗೆ ಏರಿಸಿದಳು. ಪುಣ್ಯಕ್ಕೆ ಕೀಲು ಜಾಗದಲ್ಲೇ ಇತ್ತು. ಹೋಗಿ ಕ್ಷಮೆ ಕೇಳೋಣವೆಂದರೆ ಡಾಕ್ಟರಿಗೆ ಏಳಲಾಗಲಿಲ್ಲ. ಮನೆಯಲ್ಲಿ ಕೂರುವುದನ್ನಷ್ಟೇ ಅಭ್ಯಾಸ ಮಾಡಿದ್ದರು. ಅಕ್ಕ ತನ್ನ ಊರುಗೋಲು ಚಾಚಿದಳು.

"ಹಾಗಾದ್ರೆ ನಂಗೂ ಮುಂದಿನಿಂದ್ಲೇ ಮಾಡ್ಬಹುದಿತ್ತಲ್ಲ ಡಾಕ್ಟ್ರೇ?"

ಕೋಲಿನ ತುದಿ ಹಿಡಿದು ಡಾಕ್ಟರು ತಲೆ ತಗ್ಗಿಸಿದರು. ಇಪ್ಪತ್ತೆಂಟು ವರ್ಷದಲ್ಲಿ ಯಾರೆದುರೂ ಆಡದ ಮಾತು ಈಗ ಬಾಯಿಂದ ಬಂತು.

"ಅದು ನಂಗೆ ಬರಲ್ಲ, ಅಕ್ಕ," ಎಂದರು.